ಕ್ಯಾಮೆರಾ ಕಂಡದ್ದೆಲ್ಲ ಕಾಯಿಲೆಯಲ್ಲ

ಕುದುರೆ ಸಾಕುವವರ ನಡುವೆ ಒಂದು ನಂಬಿಕೆ ಬೇರುಬಿಟ್ಟಿದೆ. ಥರ್ಮಲ್ ಕ್ಯಾಮೆರಾ ಹಿಡಿದರೆ ಕುದುರೆಯ ನೋವು ಕಣ್ಣಿಗೆ ಕಾಣುತ್ತದಂತೆ. ಕೆಂಪಗೆ ಕಂಡ ಕಡೆ ಪೆಟ್ಟು, ನೀಲಿಯಾಗಿ ಕಂಡ ಕಡೆ ಕ್ಷೇಮ. ಶನಿವಾರ, ಭಾನುವಾರ ಎರಡು ದಿನ ಕೂತು ತರಬೇತಿ ಮುಗಿಸಿ, ಗೋಡೆಗೊಂದು ಪ್ರಮಾಣಪತ್ರ ತೂಗುಹಾಕಿದರೆ ಯಾರು ಬೇಕಾದರೂ ಈ ವಿದ್ಯೆ ನಡೆಸಬಹುದಂತೆ. ಇಂಗ್ಲೆಂಡ್, ಅಮೆರಿಕದ ಲಾಯಗಳಲ್ಲಿ ಈ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಮೊಬೈಲಿಗೆ ಸಿಕ್ಕಿಸುವಷ್ಟು ಚಿಕ್ಕ ಕ್ಯಾಮೆರಾ ಬಂದು, ಬೆಲೆಯೂ ಇಳಿದ ಮೇಲೆ ಬೆಂಗಳೂರಿನ ಸುತ್ತಲಿನ ಸವಾರಿ ಶಾಲೆಗಳ ಬಾಗಿಲಿಗೂ ಅದು ಬರುವುದು ತಡವೇನಲ್ಲ. ಬರುವ ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ನಂಬಿಕೆ ತಪ್ಪು, ಮತ್ತು ಈ ತಪ್ಪಿನ ದಂಡ ತೆರುವುದು ಕುದುರೆ.

ಕ್ಯಾಮೆರಾ ಅಳೆಯುವುದು ಏನನ್ನು ಎಂಬಲ್ಲಿಂದಲೇ ಗೊಂದಲ ಶುರು. 1800ರಲ್ಲಿ ವಿಲಿಯಂ ಹರ್ಷಲ್ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಹರಡಿ, ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟ. ಪಾದರಸ ಏರಿತು. ಕಣ್ಣಿಗೆ ಕಾಣದ ಆ ಅವಗೆಂಪು ಕಿರಣವನ್ನೇ ಇಂದಿನ ಕ್ಯಾಮೆರಾ ಹಿಡಿಯುತ್ತದೆ, ಸುಮಾರು 7.5ರಿಂದ 14 ಮೈಕ್ರಾನ್ ಅಲೆಯುದ್ದದ್ದು. ಆ ಕಿರಣ ಹೊರಡುವುದು ಕುದುರೆಯ ಕೂದಲಿನಿಂದ, ಚರ್ಮದ ತೀರಾ ಮೇಲ್ಪದರದಿಂದ. ಒಂದು ಮಿಲಿಮೀಟರ್ ಒಳಗಿನ ಸಂಗತಿಯೂ ಅದಕ್ಕೆ ನೇರವಾಗಿ ತಿಳಿಯದು. ಎಕ್ಸ್‌ರೇ ಹಾಗೆ ಒಳಹೊಕ್ಕು ನೋಡುತ್ತದೆ ಎಂದುಕೊಂಡವರು ಬಹಳ ಮಂದಿ. ಆ ತಪ್ಪು ತಿಳಿವಳಿಕೆಯನ್ನು ತಿದ್ದುವ ಆತುರ ಮಾರುವವರಿಗೇನೂ ಇಲ್ಲ. ಒಳಗೆ ಉರಿಯೂತವಾದರೆ ರಕ್ತದ ಓಡಾಟ ಹೆಚ್ಚುತ್ತದೆ, ಹೆಚ್ಚಿದ ರಕ್ತ ಚರ್ಮವನ್ನು ಬೆಚ್ಚಗಾಗಿಸುತ್ತದೆ, ಬೆಚ್ಚನೆಯ ಚರ್ಮ ಕೂದಲಿನ ಸಂದಿಯಿಂದ ಕಾಣುತ್ತದೆ. ಇಷ್ಟು ಕೈ ದಾಟಿ ಬಂದ ಸುದ್ದಿ ಅದು. ನಡುವೆ ಯಾವ ಕೈ ತಪ್ಪಿದರೂ ಸುದ್ದಿ ಕೆಡುತ್ತದೆ.

ಈ ವಿಧಾನವೇ ಬೂಟಾಟಿಕೆ ಎಂದು ನಾನು ಹೇಳುತ್ತಿಲ್ಲ. 1960ರ ದಶಕದ ನಡುವಿನಿಂದಲೇ ಅಮೆರಿಕದ ಪಶುವೈದ್ಯರು ಕುದುರೆಗಳ ಮೇಲೆ ಇದನ್ನು ಪರೀಕ್ಷಿಸಿ ಬರೆದಿದ್ದಾರೆ. 1970ರ ದಶಕದಲ್ಲಿ ಸ್ವೀಡನ್ನಿನ ಪಶುವೈದ್ಯ ಸ್ಟ್ರೋಮ್‌ಬೆರ್ಗ್ ರೇಸ್ ಕುದುರೆಗಳ ಮುಂಗಾಲಿನ ಸ್ನಾಯುರಜ್ಜುಗಳನ್ನು ಚಿತ್ರಿಸುತ್ತ ಹೋಗಿ, ಕುಂಟು ಕಾಣಿಸಿಕೊಳ್ಳುವ ಮೊದಲೇ ಶಾಖದ ವ್ಯತ್ಯಾಸ ಕಾಣಬಹುದೆಂದು ತೋರಿಸಿದ. ಅಲಬಾಮಾದ ಆಬರ್ನ್ ವಿಶ್ವವಿದ್ಯಾಲಯದಲ್ಲಿ ರಾಮ್ ಪುರೋಹಿತ್ ಮತ್ತು ಸಂಗಡಿಗರು, ಟೆನೆಸ್ಸಿ ವಾಕಿಂಗ್ ತಳಿಯ ಕುದುರೆ ಪ್ರದರ್ಶನದಲ್ಲಿ ಕಾಲೆತ್ತಿ ಎತ್ತಿ ನಡೆಯಲೆಂದು ಕಾಲಿಗೆ ಸುಡುವ ರಾಸಾಯನಿಕ ಬಳಿಯುವ ಕ್ರೌರ್ಯವನ್ನು ಪತ್ತೆ ಹಚ್ಚಲು ಇದನ್ನೇ ಬಳಸಿದರು. ಆ ಕ್ರೌರ್ಯದ ವಿರುದ್ಧ 1970ರಲ್ಲಿ ಬಂದ ಕಾನೂನಿನಡಿ ಅಮೆರಿಕದ ಕೃಷಿ ಇಲಾಖೆಯವರೂ ಥರ್ಮಲ್ ಕ್ಯಾಮೆರಾ ಹಿಡಿದಿದ್ದಾರೆ. ಆದರೆ ಇವರೆಲ್ಲ ಮೊದಲು ಕುದುರೆಯನ್ನು ಬಲ್ಲವರು, ಆಮೇಲೆ ಕ್ಯಾಮೆರಾ ಹಿಡಿದವರು. ಈಗ ಆ ಸಾಲು ತಿರುಗುಮುರುಗಾಗಿದೆ. ನನ್ನ ತಕರಾರು ಅಲ್ಲಿ.

ಒಂದು ಆರೋಗ್ಯವಂತ ಕುದುರೆಯ ಮುಂಗಾಲನ್ನೇ ನೋಡಿ. ಗೊರಸು ಚರ್ಮಕ್ಕೆ ಕೂಡುವ ಅಂಚಿನಲ್ಲಿ, ಕಾಲಿಗೆ ಬಳೆ ತೊಡಿಸಿದ ಹಾಗೆ, ಒಂದು ಬಿಳುಪು-ಕೆಂಪು ಪಟ್ಟಿ ಉರಿಯುತ್ತಿರುತ್ತದೆ. ಹೊಸಬರು ಮೊದಲು ಬೆಚ್ಚುವುದು ಅಲ್ಲಿಯೇ. ಅಲ್ಲಿ ರಕ್ತನಾಳಗಳ ಜಾಲ ದಟ್ಟವಾಗಿರುವುದರಿಂದ ಕಾಲಿನಲ್ಲೆಲ್ಲ ಬೆಚ್ಚಗಿನ ಜಾಗ ಸಹಜವಾಗಿ ಅದೇ. ಇನ್ನು ಮೇಲಕ್ಕೆ ಬಂದರೆ, ನಳಿಗೆಯ ಮೂಳೆಗೂ ಹಿಂದಿನ ಸ್ನಾಯುರಜ್ಜುವಿಗೂ ನಡುವೆ ಉದ್ದಕ್ಕೆ ಒಂದು ಬೆಚ್ಚನೆಯ ಗೆರೆ. ಅದು ರಕ್ತನಾಳದ ದಾರಿ. ಕಾಲಿನ ಹೊರಮೈಗಿಂತ ಒಳಮೈ ಬೆಚ್ಚಗಿದ್ದರೂ ಕಾರಣ ರಕ್ತನಾಳವೇ, ರೋಗವಲ್ಲ. ಕುತ್ತಿಗೆಗೆ ಹೋದರೆ, ಅಯಾಲು ಬೀಳುವ ಪಕ್ಕವೇ ಬೇರೆ, ಬೀಳದ ಪಕ್ಕವೇ ಬೇರೆ. ಬೋಳಿಸಿದ ಜಾಗ ಸುತ್ತಲಿನ ಕೂದಲಿಗಿಂತ ಬಿಸಿ. ರಾತ್ರಿ ಕಟ್ಟಿದ್ದ ಪಟ್ಟಿಯ ಗುರುತು ಬೆಳಿಗ್ಗೆಯ ಚಿತ್ರದಲ್ಲಿ ಅಚ್ಚೊತ್ತಿದಂತೆ ಉಳಿದಿರುತ್ತದೆ. ಕೆಸರು, ಬೆವರು, ತಿಕ್ಕಿದ ಎಣ್ಣೆ, ಒದ್ದೆ ಹುಲ್ಲಿನ ಮೇಲೆ ಮಲಗೆದ್ದ ಮಗ್ಗುಲು, ಎಲ್ಲಕ್ಕೂ ಚಿತ್ರದಲ್ಲಿ ಒಂದೊಂದು ಬಣ್ಣ. ಕಪ್ಪು-ಬಿಳಿ ಮಚ್ಚೆಯ ಕುದುರೆ ಬಿಸಿಲಿನಿಂದ ಆಗಷ್ಟೇ ಒಳಗೆ ಬಂದಿದ್ದರೆ ಮಚ್ಚೆಗಳ ನಕ್ಷೆಯೇ ಕ್ಯಾಮೆರಾದಲ್ಲಿ ಮೂಡುತ್ತದೆ. ಕಪ್ಪು ಮಚ್ಚೆಗಳೆಲ್ಲ ಕೆಂಪು. ಇದನ್ನು ಬೆನ್ನುನೋವೆಂದು ಓದಿ ಜೀನು ಬದಲಿಸಲು ಹೇಳುವವನಿಗೂ ಪ್ರಮಾಣಪತ್ರ ಇರಬಹುದು.

ಬಣ್ಣದ ಮಾತು ಬಂದಿತಲ್ಲ, ಅದನ್ನೂ ಬಿಚ್ಚಿಡೋಣ. ಕ್ಯಾಮೆರಾದ ಒಳಗೆ ಕೆಂಪೂ ಇಲ್ಲ, ನೀಲಿಯೂ ಇಲ್ಲ. ಇರುವುದು ಬರಿಯ ಅಂಕಿಗಳು. ಚೌಕಟ್ಟಿನಲ್ಲಿ ಅತಿ ಬಿಸಿಯಾಗಿರುವುದಕ್ಕೆ ಬಿಳಿ ಅಥವಾ ಕೆಂಪು, ಅತಿ ತಣ್ಣಗಿರುವುದಕ್ಕೆ ಕಡುನೀಲಿ ಎಂದು ಯಂತ್ರ ತಾನೇ ಹಂಚುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಈ ಹಂಚಿಕೆ ಪ್ರತಿ ಚಿತ್ರಕ್ಕೂ ಬದಲಾಗುತ್ತದೆ. ಹಿಂದೆ ತಣ್ಣನೆಯ ಸಿಮೆಂಟ್ ಗೋಡೆ ಇದ್ದಾಗ ಕೆಂಡದಂತೆ ಕಂಡ ಅದೇ ಕಾಲು, ಬಿಸಿಲು ಬಿದ್ದ ತಗಡಿನ ಬಾಗಿಲು ಚೌಕಟ್ಟಿಗೆ ಬಂದ ಕೂಡಲೇ ಹಸಿರಾಗಿ ತಣ್ಣಗಾಗಿಬಿಡುತ್ತದೆ. ಕುದುರೆಗೆ ಏನೂ ಆಗಿರುವುದಿಲ್ಲ. ಕ್ಯಾಮೆರಾ ಹಿಡಿದವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದಿರುತ್ತಾನೆ, ಅಷ್ಟೆ. ಅಳತೆಯ ಕೆಳಗಿನ ಮೇಲಿನ ಮಿತಿಯನ್ನು ಕೈಯಾರೆ ಕಟ್ಟಿಹಾಕದೆ ತೆಗೆದ 'ಚಿಕಿತ್ಸೆಗೆ ಮೊದಲು' ಮತ್ತು 'ಚಿಕಿತ್ಸೆಯ ನಂತರ' ಚಿತ್ರಗಳು ಜಾಹೀರಾತಿಗೆ ಲಾಯಕ್ಕು, ಕುದುರೆಯ ಲಾಯಕ್ಕಲ್ಲ.

ಅಂಕಿಗಳಾದರೂ ಗಟ್ಟಿಯೇ? ಅಗ್ಗದ ಕ್ಯಾಮೆರಾದ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಅದರ ಸೂಕ್ಷ್ಮತೆ: 0.05 ಡಿಗ್ರಿಯ ವ್ಯತ್ಯಾಸವನ್ನೂ ಗುರುತಿಸಬಲ್ಲದು ಎಂಬಂಥ ಮಾತು. ಸಣ್ಣಕ್ಷರದಲ್ಲಿ ಇರುವುದು ನಿಖರತೆ, ಸಾಮಾನ್ಯವಾಗಿ ಎರಡು ಡಿಗ್ರಿ ಹೆಚ್ಚು ಅಥವಾ ಕಡಿಮೆ. ಇವೆರಡೂ ಬೇರೆ ಬೇರೆ ಎನ್ನುವುದು ತಿಳಿಯದೆ ಈ ಕಸುಬಿಗೆ ಕೈ ಹಾಕಬಾರದು. ಒಂದೇ ಚಿತ್ರದಲ್ಲಿ ಎಡಗಾಲಿಗೂ ಬಲಗಾಲಿಗೂ ಇರುವ ಅಂತರವನ್ನು ಕ್ಯಾಮೆರಾ ಚೆನ್ನಾಗಿ ಹೇಳಬಲ್ಲದು. ಆದರೆ ಈ ಕಾಲು ಇಂದು 31 ಡಿಗ್ರಿ, ಕಳೆದ ತಿಂಗಳು 29.5, ಆದ್ದರಿಂದ ಊತ ಏರಿದೆ ಎಂದರೆ ಆ ಮಾತಿಗೆ ಬುಡವಿಲ್ಲ. ಕಾಲಿನಿಂದ ಕಾಲಿಗೆ ಒಂದು ಡಿಗ್ರಿ ಅಂತರ ಕಂಡರೆ ಗಮನಿಸಬೇಕು ಎಂಬುದು ಈ ಕ್ಷೇತ್ರದ ವಾಡಿಕೆ. ಯಂತ್ರದ ತಪ್ಪೇ ಎರಡು ಡಿಗ್ರಿ ಇರುವಾಗ ತಿಂಗಳಿಂದ ತಿಂಗಳಿಗೆ ಒಂದೂವರೆ ಡಿಗ್ರಿಯನ್ನು ಹಿಡಿದು ತೀರ್ಪು ಕೊಡುವುದು ಯಾವ ನ್ಯಾಯ? 2020ರ ಕೋವಿಡ್ ಕಾಲದಲ್ಲಿ ಅಂಗಡಿ, ಮಾಲುಗಳ ಬಾಗಿಲಲ್ಲಿ ಹಣೆಗೆ ಗುರಿಯಿಟ್ಟ ಆ ಥರ್ಮಾಮೀಟರ್ ಪಿಸ್ತೂಲು ನಮ್ಮಲ್ಲಿ ಎಷ್ಟು ಮಂದಿಗೆ 33, 34 ಡಿಗ್ರಿ ತೋರಿಸಿತು! ಆ ಲೆಕ್ಕದಲ್ಲಿ ನಾವೆಲ್ಲ ಆಸ್ಪತ್ರೆಯಲ್ಲಿರಬೇಕಿತ್ತು. ಆಗ ನಕ್ಕು ಒಳಗೆ ಹೋದವರೇ ಕುದುರೆಯ ವಿಷಯ ಬಂದಾಗ ಅದೇ ಜಾತಿಯ ಯಂತ್ರದ ಮಾತಿಗೆ ತಲೆಬಾಗುತ್ತಾರೆ.

ಗಾಳಿಯ ಸಂಗತಿ ಇನ್ನೂ ಕಷ್ಟದ್ದು. 2013ರಲ್ಲಿ ವಿಯೆನ್ನಾದ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಕುದುರೆಗಳ ಮುಂಗಾಲಿನ ಮೇಲೆ ಫ್ಯಾನಿನ ಗಾಳಿ ಹಾಯಿಸಿ ನೋಡಿದರು. ಮೈಗೆ ತಾಕಿಯೂ ತಾಕದಂಥ ಗಾಳಿಗೂ ಚಿತ್ರದ ಅಂಕಿ ಇಳಿಯಿತು. ಗಾಳಿ ಸ್ವಲ್ಪ ಹೆಚ್ಚಿದರೆ ಆ ಇಳಿಕೆ, ಹುಷಾರಿಲ್ಲದ ಕಾಲನ್ನು ಗುರುತಿಸಲು ನಾವು ಇಟ್ಟುಕೊಂಡ ಒಂದು ಡಿಗ್ರಿಯನ್ನೂ ಮೀರುತ್ತದೆ. ಬಾಗಿಲ ಕಡೆಗಿನ ಕಾಲು ತಂಪು, ಗೋಡೆ ಕಡೆಗಿನ ಕಾಲು ಬಿಸಿ, ಅಲ್ಲಿಗೆ ಒಂದು ರೋಗ ಹುಟ್ಟಿತು. ನಮ್ಮ ಲಾಯಗಳ ಸ್ಥಿತಿ ನೆನೆಯಿರಿ: ಮೂರು ಕಡೆ ತೆರೆದದ್ದು, ಮೇಲೆ ತಗಡು, ಮೂಲೆಯಲ್ಲಿ ದಡದಡ ತಿರುಗುವ ಪೆಡೆಸ್ಟಲ್ ಫ್ಯಾನು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿಯ ಸುತ್ತಮುತ್ತ ಸುಳಿದಾಡುತ್ತದೆ. ಕಲಬುರಗಿ, ರಾಯಚೂರುಗಳನ್ನಂತೂ ಕೇಳುವುದೇ ಬೇಡ. ಸುತ್ತಲಿನ ಗಾಳಿ ಚರ್ಮದಷ್ಟೇ ಬಿಸಿಯಾದಾಗ ಶಾಖ ಬಿಡಲು ಕುದುರೆ ರಕ್ತನಾಳಗಳನ್ನೆಲ್ಲ ಅಗಲಿಸಿಕೊಳ್ಳುತ್ತದೆ, ಮೇಲೆ ಬೆವರುತ್ತದೆ. ಕಾಲಿಡೀ ಒಂದೇ ಬಣ್ಣ, ಪೆಟ್ಟಾದ ಕಡೆಯೂ ಆ ಬಣ್ಣದಲ್ಲೇ ಮುಳುಗಿಹೋಗುತ್ತದೆ. ಚಳಿನಾಡಿನ ತರಬೇತಿ ಪುಸ್ತಕ ಹೇಳುವ ಮುಚ್ಚಿದ ಕೋಣೆ, 20 ಡಿಗ್ರಿಯ ಆಸುಪಾಸಿನ ಹವೆ, ಕಾಲಿನ ಪಟ್ಟಿ ಬಿಚ್ಚಿ ಸಾಕಷ್ಟು ಹೊತ್ತು ಕಾಯುವುದು, ಇವನ್ನು ಇಲ್ಲಿ ಒದಗಿಸುವವರು ಯಾರು? ಚಳಿನಾಡಿಗೂ ಅದರದೇ ತೊಡಕು ಇದೆ. ಕೊರೆವ ಚಳಿಯಲ್ಲಿ ಗಟ್ಟಿಮುಟ್ಟು ಕುದುರೆಯ ಗೊರಸುಗಳೂ ಗಂಟೆಗಟ್ಟಲೆ ತಣ್ಣಗಿದ್ದು, ಇದ್ದಕ್ಕಿದ್ದಂತೆ ಒಂದು ಬಿಸಿಯಾಗುತ್ತದೆ, ಇನ್ನೊಂದು ಹಾಗೇ ಇರುತ್ತದೆ.

ಇಷ್ಟೆಲ್ಲ ಜಾಗ್ರತೆ ವಹಿಸಿ ತೆಗೆದ ಚಿತ್ರವೂ ಯಾವ ಕಾಲು ಬಿಸಿ ಎಂದು ಹೇಳುತ್ತದೆಯೇ ಹೊರತು ಯಾವ ಕಾಲು ನೋಯುತ್ತಿದೆ ಎಂದಲ್ಲ. ಎಡಗಾಲು ನೋಯುವ ಕುದುರೆ ಭಾರವನ್ನೆಲ್ಲ ಬಲಗಾಲಿಗೆ ಹಾಕುತ್ತದೆ. ದುಡಿದ ಬಲಗಾಲು ಬೆಚ್ಚಗಾಗುತ್ತದೆ, ಊರದೆ ಉಳಿಸಿಕೊಂಡ ಎಡಗಾಲು ತಣ್ಣಗೆ ನೀಲಿಯಾಗಿರುತ್ತದೆ. ಕೆಂಪು ಕಂಡ ಕಾಲಿಗೆ ಮದ್ದು ಹಚ್ಚುವವನು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾನೆ. ಕುತ್ತಿಗೆಯಲ್ಲಿ ಒಂದು ನರಕ್ಕೆ ಧಕ್ಕೆಯಾದರೆ ಮುಖದ, ಕುತ್ತಿಗೆಯ ಆ ಮಗ್ಗುಲೆಲ್ಲ ಬಿಸಿಯೇರಿ ಬೆವರುತ್ತದೆ; ಬಿಸಿಯಾದ ಜಾಗದಲ್ಲಿ ಊತವೂ ಇಲ್ಲ, ಗಾಯವೂ ಇಲ್ಲ. ಹಳೆಯ ಸಂಧಿವಾತ ತಣ್ಣಗೆ ಕೂತು ನೋಯಿಸುತ್ತಿರುತ್ತದೆ. ಸೊಂಟದ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಅದರ ಮೇಲೆ ಗೇಣುದ್ದ ಮಾಂಸಖಂಡ ಕೂತಿದೆ. ಕ್ಯಾಮೆರಾಕ್ಕೆ ಅಲ್ಲಿಂದ ಯಾವ ಸುದ್ದಿಯೂ ಬರುವುದಿಲ್ಲ. ಹೀಗಿದ್ದೂ ಹೊಟ್ಟೆಯ ಹುಣ್ಣು, ಯಕೃತ್ತಿನ ದೋಷದವರೆಗೆ ಮೈಮೇಲಿನ ಬಣ್ಣ ನೋಡಿ ಹೇಳುವವರಿದ್ದಾರೆ. ಅವರಿಗೆ ಮೈ ಕಾಣುವುದಕ್ಕಿಂತ ಮಾಲೀಕನ ಜೇಬು ಸ್ಪಷ್ಟವಾಗಿ ಕಾಣುತ್ತದೆ.

ಎದುರಾಳಿಗಳ ಗಟ್ಟಿ ವಾದ ಒಂದಿದೆ. ಇದರಲ್ಲಿ ವಿಕಿರಣವಿಲ್ಲ, ಮುಟ್ಟುವುದಿಲ್ಲ, ಸೂಜಿಯಿಲ್ಲ, ಅರಿವಳಿಕೆಯಿಲ್ಲ. ಸಿಕ್ಕಿದರೆ ಸಿಕ್ಕಿತು, ಸಿಗದಿದ್ದರೆ ಕಳೆದುಕೊಳ್ಳುವುದೇನು ಎನ್ನುತ್ತಾರೆ. ಕಳೆದುಕೊಳ್ಳುವುದು ಹೊತ್ತು. ಗೊರಸಿನ ಒಳಪದರ ಊದಿಕೊಳ್ಳುವ ಲ್ಯಾಮಿನೈಟಿಸ್‌ನಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ. ತಡವಾದರೆ ಗೊರಸಿನೊಳಗಿನ ಮೂಳೆಯೇ ಜಾಗ ಬಿಟ್ಟು ಕೆಳಗಿಳಿಯುತ್ತದೆ. ಎರಡೂ ಮುಂಗಾಲಿಗೆ ಒಟ್ಟಿಗೆ ಬರುವುದು ಈ ಕಾಯಿಲೆಯ ವಾಡಿಕೆ. ಎಡಬಲ ಹೋಲಿಸಿ ಓದುವುದನ್ನಷ್ಟೇ ಕಲಿತವನಿಗೆ ಎರಡೂ ಕಾಲು ಸಮಸಮ, ಚಿತ್ರ ಚಂದ, ಕುದುರೆ ಕ್ಷೇಮ! ಗೊರಸಿನ ಮೇಲ್ಗಡೆ ಬೆರಳಿಟ್ಟು ನಾಡಿ ಹಿಡಿದಿದ್ದರೆ ಅದು ಬಡಿದು ಹೇಳುತ್ತಿತ್ತು. ಮನುಷ್ಯರ ವೈದ್ಯಕೀಯದಲ್ಲಿ ಈ ಪಾಠ ಮೊದಲೇ ಆಗಿದೆ. ಸ್ತನ ಕ್ಯಾನ್ಸರ್ ಪತ್ತೆಗೆ ಮ್ಯಾಮೊಗ್ರಾಮ್ ಬದಲು ಥರ್ಮೋಗ್ರಫಿ ಸಾಕು ಎಂದು ಮಾರುತ್ತಿದ್ದವರ ವಿರುದ್ಧ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೂ 2019ರಲ್ಲೂ ಎಚ್ಚರಿಕೆ ಕೊಟ್ಟಿತು. ನೋವಿಲ್ಲದ, ವಿಕಿರಣವಿಲ್ಲದ ಪರೀಕ್ಷೆ ಎಂಬ ಇದೇ ಮಾತು ಅಲ್ಲೂ ಬಂಡವಾಳವಾಗಿತ್ತು.

ನೋವನ್ನೇ ಹುಡುಕುವುದಾದರೆ ಅದಕ್ಕೆ ಬೇರೆ ದಾರಿಗಳಿವೆ, ದುಡ್ಡೂ ಬೇಕಿಲ್ಲ. 2014ರಲ್ಲಿ ಬಂದ ಕುದುರೆಯ ಮುಖಚರ್ಯೆಯ ಅಳತೆಗೋಲು ಕಿವಿ ಹಿಂದಕ್ಕೆ ಬಿಗಿದಿರುವುದು, ಕಣ್ಣಿನ ಮೇಲಿನ ಬಿಗಿತ, ದವಡೆ ಗಟ್ಟಿಯಾಗಿರುವುದು ಇವನ್ನು ನೋಡಿ ಅಂಕ ಕೊಡುತ್ತದೆ. ಇಂಗ್ಲೆಂಡಿನ ಪಶುವೈದ್ಯೆ ಸ್ಯೂ ಡೈಸನ್ ಸವಾರಿಯ ಹೊತ್ತಿನ 24 ವರ್ತನೆಗಳ ಪಟ್ಟಿ ಮಾಡಿ, ಎಂಟು ಅಥವಾ ಹೆಚ್ಚು ಕಂಡರೆ ನೋವಿರುವ ಸಂಭವ ಹೆಚ್ಚು ಎಂದು ತೋರಿಸಿಕೊಟ್ಟರು. ಬಾಲ ಬೀಸುವುದು, ಬಾಯಿ ತೆರೆಯುವುದು, ಮುಗ್ಗರಿಸುವುದು ಇಂಥವೇ ಅದರಲ್ಲಿರುವುದು. ಇವನ್ನು ಕಲಿಯಲು ಎರಡು ದಿನ ಸಾಲದು ನಿಜ. ಆದರೆ ಇಲ್ಲಿ ಕಲಿಯುವವನ ಕಣ್ಣು ಕುದುರೆಯ ಮೇಲೆ ಇರುತ್ತದೆ, ಪರದೆಯ ಮೇಲಲ್ಲ.

ಜಗತ್ತಿನ ಅತಿ ದೊಡ್ಡ ಅಶ್ವಕ್ರೀಡಾ ವೇದಿಕೆಯಲ್ಲೇ ಏನಾಯಿತು ನೋಡಿ. 2008ರ ಬೀಜಿಂಗ್ ಒಲಿಂಪಿಕ್‌ನ ಭಾಗವಾಗಿ ಹಾಂಗ್‌ಕಾಂಗ್‌ನಲ್ಲಿ ನಡೆದ ಕುದುರೆ ಸ್ಪರ್ಧೆಯಲ್ಲಿ ಕೆಲವು ಕುದುರೆಗಳ ಮೈಯಲ್ಲಿ ಮೆಣಸಿನಕಾಯಿಯ ಖಾರಾಂಶ ಕ್ಯಾಪ್ಸೈಸಿನ್ ಸಿಕ್ಕಿತು. ಕಾಲಿಗೆ ಹಚ್ಚಿದರೆ ಉರಿ. ಉರಿಯುವ ಕಾಲು ಕಂಬಕ್ಕೆ ತಾಗದಂತೆ ಕುದುರೆ ಎತ್ತಿ ಹಾರುತ್ತದೆ. ಇಂಥ ಮೋಸ ಹಿಡಿಯಲು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಥರ್ಮಲ್ ಕ್ಯಾಮೆರಾವನ್ನೂ ಕೈ ಪರೀಕ್ಷೆಯನ್ನೂ ಸೇರಿಸಿಕೊಂಡಿತು. 2010ರ ಏಪ್ರಿಲ್‌ನಲ್ಲಿ ಜಿನೀವಾದ ವಿಶ್ವಕಪ್ ಫೈನಲ್‌ನಲ್ಲಿ ಮೆಕ್ಲೇನ್ ವಾರ್ಡ್ ಸವಾರಿ ಮಾಡುತ್ತಿದ್ದ ಸಫೈರ್ ಎಂಬ ಹೆಣ್ಣು ಕುದುರೆಯನ್ನು ಮುಂಗಾಲಿನ ಅತಿಸೂಕ್ಷ್ಮತೆಯ ಕಾರಣಕ್ಕೆ ಸ್ಪರ್ಧೆಯಿಂದ ಹೊರಗಿಟ್ಟರು. ಎರಡು ಒಲಿಂಪಿಕ್‌ಗಳಲ್ಲಿ ತಂಡಕ್ಕೆ ಚಿನ್ನ ತಂದ ಕುದುರೆ ಅದು. ದೊಡ್ಡ ಗಲಾಟೆಯೆದ್ದು, ಕೊನೆಗೆ ಸವಾರನ ಮೇಲೆ ದುಷ್ಕೃತ್ಯದ ಆರೋಪವಿಲ್ಲ ಎಂಬಲ್ಲಿಗೆ ಮಾತು ನಿಂತಿತು. 2012ರ ಲಂಡನ್ ಒಲಿಂಪಿಕ್‌ನಲ್ಲಿ ಕೆನಡಾದ ವಿಕ್ಟರ್ ಎಂಬ ಕುದುರೆ ಹೊರಬಿದ್ದದ್ದೂ ಹೀಗೆಯೇ; ಅಲ್ಲಿಯೂ ಮೋಸದ ಆರೋಪ ಮಾಡುತ್ತಿಲ್ಲ ಎಂದು ಒಕ್ಕೂಟವೇ ಹೇಳಿತು. ನುರಿತ ಪಶುವೈದ್ಯರು ಸಾಲಾಗಿ ನಿಂತು, ಕ್ಯಾಮೆರಾದ ಜತೆ ಬೆರಳೂ ಒತ್ತಿ ನೋಡಿದ ಕಡೆ ಇಷ್ಟು ಅನುಮಾನ ಉಳಿಯಿತು. ಆ ಒಕ್ಕೂಟವೂ ಬರಿಯ ಚಿತ್ರ ಹಿಡಿದು ಕುದುರೆಯನ್ನು ಹೊರಗಿಡುವುದಿಲ್ಲ, ಕೈ ಪರೀಕ್ಷೆಯನ್ನೇ ನೆಚ್ಚುತ್ತದೆ. ಹಾಗಿರುವಾಗ ಒಬ್ಬಂಟಿಯಾಗಿ ಲಾಯಕ್ಕೆ ಬಂದು, ಕುದುರೆಯನ್ನು ಮುಟ್ಟದೆ, ಮಿಂಚಂಚೆಯಲ್ಲಿ ವರದಿ ಕಳಿಸುವವನ ಮಾತಿಗೆ ಎಷ್ಟು ತೂಕ?

ಆ ವರದಿಯ ಭಾಷೆಯನ್ನೂ ಗಮನಿಸಬೇಕು. ಮೊದಲ ಪುಟದಲ್ಲಿ ಕೆಂಡದಂಥ ಚಿತ್ರ, ಬಾಣದ ಗುರುತು. ಕೊನೆಯ ಪುಟದ ತಳದಲ್ಲಿ, ಇದು ರೋಗನಿರ್ಣಯವಲ್ಲ, ಪಶುವೈದ್ಯರನ್ನು ಕಾಣಿ ಎಂಬ ಒಂದು ಸಾಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬ್ರಿಟನ್ನಿನಲ್ಲಿ 1966ರ ಕಾಯಿದೆ, ನಮ್ಮಲ್ಲಿ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆ, ಎರಡೂ ಪಶುವೈದ್ಯ ವೃತ್ತಿಯನ್ನು ನೋಂದಾಯಿತ ವೈದ್ಯರಿಗೆ ಮೀಸಲಿಟ್ಟಿವೆ. ಆದ್ದರಿಂದಲೇ ಆ ಒಂದು ಸಾಲು. ನಿರ್ಣಯ ಹೇಳದ ವರದಿಗೆ ನಿರ್ಣಯದ ಬೆಲೆ ತೆಗೆದುಕೊಳ್ಳುವುದು ಮಾತ್ರ ಯಾವ ಕಾಯಿದೆಗೂ ಸಿಕ್ಕುವುದಿಲ್ಲ.

ಹಾಗಾದರೆ ಕಲಿಯಲೇಬಾರದೇ? ಕಲಿಯಬೇಕು, ಈಗ ಕಲಿಸುತ್ತಿರುವ ಹಾಗಲ್ಲ. ಮೊದಲ ವರ್ಷವಿಡೀ ರೋಗವಿಲ್ಲದ ಕುದುರೆಗಳನ್ನೇ ಚಿತ್ರಿಸಲಿ. ಒಂದೇ ಕುದುರೆಯನ್ನು ಬೆಳಗಿನ ಹೊತ್ತು, ಒಂದೇ ಜಾಗದಲ್ಲಿ, ಒಂದೇ ದೂರದಿಂದ, ಅಳತೆಯ ಮಿತಿ ಕಟ್ಟಿ, ಗಾಳಿಯ ಉಷ್ಣತೆ ಬರೆದಿಟ್ಟು ನೋಡುತ್ತಿರಲಿ. ಆ ಕುದುರೆಗೆ ಸಹಜ ಯಾವುದು ಎಂಬುದು ಹಾಗೆ ಮಾತ್ರ ಗೊತ್ತಾಗುತ್ತದೆ. ಸತ್ತ ಕುದುರೆಯ ಕಾಲನ್ನು ಬಿಡಿಸುವಾಗ ಹತ್ತಿರ ನಿಂತು ಯಾವ ನಾಳ ಎಲ್ಲಿ ಮೇಲಕ್ಕೆ ಬರುತ್ತದೆ ಎಂದು ನೋಡಲಿ. ಕುಂಟುವ ಕುದುರೆಯನ್ನು ವೈದ್ಯರು ನಡೆಸಿ, ಓಡಿಸಿ, ಕೀಲು ಮಡಿಸಿ, ಗೊರಸಿಗೆ ಇಕ್ಕಳ ಒತ್ತಿ, ನರಕ್ಕೆ ಮರವಿನ ಮದ್ದು ಕೊಟ್ಟು, ಅಲ್ಟ್ರಾಸೌಂಡ್ ಹಿಡಿದು ಕಾರಣ ಕಂಡುಹಿಡಿಯುವಾಗ ಜತೆಗಿರಲಿ. ಅದಕ್ಕೂ ಮೊದಲೇ ತನ್ನ ಚಿತ್ರ ಏನು ಹೇಳಿತೆಂದು ಬರೆದು ಮುಚ್ಚಿಟ್ಟು, ಆಮೇಲೆ ತೆಗೆದು ಹೋಲಿಸಲಿ. ತಪ್ಪಿದ್ದೆಷ್ಟು ಎಂಬ ಲೆಕ್ಕ ಪುಸ್ತಕ ಇಡದವನಿಗೆ ಯಾವ ಶಾಲೆಯೂ ಪ್ರಮಾಣಪತ್ರ ಕೊಡಬಾರದು. ಸ್ಟ್ರೋಮ್‌ಬೆರ್ಗ್‌ನಂಥವರು ಹೆಚ್ಚುಕಡಿಮೆ ಹೀಗೆಯೇ ಅದೇ ಕುದುರೆಗಳನ್ನು ಮತ್ತೆ ಮತ್ತೆ ನೋಡಿದ್ದರಿಂದ ಅವರ ಮಾತಿಗೆ ಬೆಲೆ ಬಂತು.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. ರೇಸ್ ಕುದುರೆಯ ಲಾಯದಲ್ಲಿ ದಿನ ಬೆಳಗಾದರೆ ಕುದುರೆ ನೋಡಿಕೊಳ್ಳುವ ಸೈಸ್ ಬಗ್ಗಿ ಕುಳಿತು, ಅಂಗೈಯನ್ನು ಕುದುರೆಯ ಮೊಣಕಾಲಿನಿಂದ ಗೊರಸಿನವರೆಗೆ ಸವರಿಕೊಂಡು ಬರುತ್ತಾನೆ. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ನೆನ್ನೆ ಇಲ್ಲದ ಬಿಸಿ, ನೆನ್ನೆ ಇಲ್ಲದ ಗಂಟು, ಒತ್ತಿದಾಗ ಕಾಲು ಹಿಂದಕ್ಕೆಳೆದುಕೊಂಡ ರೀತಿ ಅವನ ಕೈಗೆ ಗೊತ್ತು. ಅಂಗೈಗಿಂತ ಕ್ಯಾಮೆರಾ ಹತ್ತು ಪಟ್ಟು ಸೂಕ್ಷ್ಮ ಎಂದು ಮಾರುವವರು ಹೇಳುತ್ತಾರೆ. ಇರಲಿ. ಊತ ಮೆತ್ತಗೋ ಗಟ್ಟಿಯೋ, ಮುಟ್ಟಿದರೆ ಕುದುರೆ ಸಹಿಸುತ್ತದೋ ಇಲ್ಲವೋ ಎಂದು ಕ್ಯಾಮೆರಾ ಹೇಳುವುದಿಲ್ಲ. ಆ ಸೈಸ್‌ನ ಮಾತು ಕೇಳಿಸಿಕೊಳ್ಳದ ಮಾಲೀಕ ಅದೇ ಮಾತು ಬಣ್ಣದಲ್ಲಿ ಬಂದರೆ ದುಡ್ಡು ಕೊಟ್ಟು ಕೊಳ್ಳುತ್ತಾನೆ. ಮೈಸೂರಿನ ಟಾಂಗಾ ಕುದುರೆಗೆ ಬೇಕಾದದ್ದೂ ಚಿತ್ರವಲ್ಲ. ಲಾಳ ಸರಿಯಾಗಿ ಹೊಡೆಯುವ ನಾಲ್‌ಬಂದ್, ಮೈ ಉಜ್ಜಿ ಹುಣ್ಣಾಗದ ಸರಂಜಾಮು, ನೆರಳು, ನೀರು, ಕರೆದರೆ ಬರುವ ಪಶುವೈದ್ಯ. ಕ್ಯಾಮೆರಾಕ್ಕೆ ತೆರುವ ಹಣ ಇವುಗಳಲ್ಲಿ ಯಾವುದಕ್ಕೆ ಹೋದರೂ ಕುದುರೆಗೆ ಹೆಚ್ಚು ಲಾಭ.

ಕುದುರೆ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟು. ಥರ್ಮಲ್ ಕ್ಯಾಮೆರಾ ಹಿಡಿದು ಯಾರಾದರೂ ನಿಮ್ಮ ಲಾಯಕ್ಕೆ ಬಂದರೆ, ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಅಳತೆಯ ಮಿತಿ ಎಷ್ಟಕ್ಕೆ ಕಟ್ಟಿದ್ದೀರಿ? ಈಗ ಇಲ್ಲಿ ಗಾಳಿಯ ಉಷ್ಣತೆ ಎಷ್ಟು? ಕೆಂಪು ಕಂಡ ಕಡೆ ಇವತ್ತೇ ಕೈಯಿಟ್ಟು ನೋಡುವ ಪಶುವೈದ್ಯರು ಯಾರು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಅವರನ್ನು ಬಾಗಿಲಿನಿಂದಲೇ ಕಳಿಸಿ, ಆ ದುಡ್ಡಿನಲ್ಲಿ ನೀವೇ ವೈದ್ಯರನ್ನು ಕರೆಸಿ.